ಅರ್ಧ ತಪ್ಪಲೆ

ಭಟ್ಕಳ
19 ಜನವರಿ 2025

ಅಪ್ಪನಿಗೆ,

ಇದನ್ನೆಲ್ಲ ಸುಚಿತಾಳಿಗೆ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅವಳು ನಿನ್ನ ಕಿವಿಯ ಹತ್ತಿರ ಬಂದು ಕೂಗಬೇಕು, ನೀನು "ಎಂತ? ಎಂತ?" ಎನ್ನಬೇಕು, ಅಷ್ಟರಲ್ಲಿ ಅಘನಾಶಿನಿಯ ಅರ್ಧ ಕೇರಿಗೆ ನಮ್ಮ ಮನೆಯ ಸುದ್ದಿ ಹಂಚಿಹೋಗಿರುತ್ತದೆ. ಹೆಂಡತಿಯ ಬಾಯಲ್ಲಿ ಕೂಗಿಸುವಂಥ ಮಾತೂ ಇದಲ್ಲ. ಅದಕ್ಕೇ ಕಾಗದ. ದೇವಪ್ಪನ ಮೀನಿನ ಟೆಂಪೊ ತದಡಿ ಬಂದರಿನಿಂದ ಇಲ್ಲಿಗೆ ಬಂದು ಹೋಗುತ್ತಿರುತ್ತದೆ. ಅವನ ಕೈಯಲ್ಲಿ ಕೊಟ್ಟಿದ್ದೇನೆ. ನೀನು ಬರೆದರೆ ಅವನಿಗೇ ಕೊಡು.

ನಾನು ಬೋಟು ಬಿಟ್ಟೆ. ಶುಕ್ರ ತಾಂಡೇಲರು ಮನೆಗೆ ಬಂದು ಹೇಳಿಯೇ ಇರುತ್ತಾರೆ. ಅದಕ್ಕೆ ಎಷ್ಟು ಖಾರ ಸೇರಿಸಿದರೋ ಗೊತ್ತಿಲ್ಲ, ನಡೆದದ್ದು ಇಷ್ಟು. ಅವರ ಬೋಟಿನಲ್ಲಿ ಇಂಜಿನ್ ಡ್ರೈವರ್ ಕೆಲಸ ಖಾಲಿಯಾಯಿತಲ್ಲ, ನನಗೆ ಕಲಿಯಲು ಬಿಡಿ ಎಂದು ಕೇಳಿದೆ. "ನೀ ಇಂಜಿನ್ನಿಗೆ ಇಳದ್ರೆ ಅನ್ನ ಯಾರ್ ಮಾಡೂದು ಮಾರಾಯಾ?" ಎಂದರು. ಎಲ್ಲರೂ ನಕ್ಕರು. ಹಿಂದೆ ಬಲೆಯ ಕೆಲಸ ಕೇಳಿದಾಗಲೂ ಇದೇ ಮಾತು, ಇದೇ ನಗು. ನನ್ನ ಜೊತೆ ಬೋಟು ಹತ್ತಿದವರೆಲ್ಲ ಬಲೆಗೆ ಹೋದರು, ಚುಕ್ಕಾಣಿ ಹಿಡಿದರು. ನಾನು ಮಾತ್ರ ಮೊದಲ ದಿನ ಕೂತ ಒಲೆಯ ಮುಂದೆಯೇ ಇದ್ದೇನೆ. ನನ್ನ ಸಾರು ಚೆನ್ನಾಗಿರುವುದೇ ನನಗೆ ಕಂಟಕವಾಯಿತು. ಬೇರೆ ಬೋಟಿಗೆ ಹೋದರೂ ಅದರ ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ಹೋಗಿರುತ್ತದೆ.

ಜೀವಮಾನವೆಲ್ಲ ಅಡುಗೆಯೇ ಆಗುವುದಾದರೆ ಅಲುಗದ ನೆಲದ ಮೇಲೆ ಮಾಡೋಣ ಎನಿಸಿತು. ದಡದಲ್ಲಿ ಅಡುಗೆಯವನಿಗೂ ಮೇಲೆ ಹೋಗುವ ದಾರಿ ಇರುತ್ತದೆ. ಹೆದ್ದಾರಿಯ ಪಕ್ಕದ ಒಂದು ಹೋಟೆಲ್ಲಿಗೆ ಸೇರಿದ್ದೇನೆ. ಎಲ್ಲಿಯವರೆಗೆ ಓದಿದ್ದೀ ಎಂದು ಮಾಲೀಕರು ಕೇಳಿದರು. ಪಿಯುಸಿ ಅರ್ಧ ಎಂದೆ. ಅಡುಗೆಮನೆಯ ಹಿಂದೆ ಮೀನು ಕೊಯ್ಯುವ ಜಾಗ ತೋರಿಸಿದರು. ಒಲೆಗಳಿಗೆಲ್ಲ ಹಿರಿಯ ಒಬ್ಬ ಬಾಣಸಿಗರಿದ್ದಾರೆ, ಭಟ್ಕಳದವರೇ. ಎಲ್ಲರೂ ಅವರನ್ನು ಉಸ್ತಾದ ಎನ್ನುತ್ತಾರೆ. ಅವರ ನವಾಯತಿ ಮಾತು ನಮ್ಮ ಕಡೆಯ ಕೊಂಕಣಿ ಬಲ್ಲವನಿಗೆ ಮುಕ್ಕಾಲು ತಿಳಿಯುತ್ತದೆ. ಇಲ್ಲಿಯೂ ಒಲೆ ಮುಟ್ಟಲು ಬಿಟ್ಟಿಲ್ಲ. ಬೆಳಿಗ್ಗೆಯಿಂದ ಮೆಟ್ಟುಗತ್ತಿಯ ಮುಂದೆ ಕೂತು ಬೆನ್ನು ಸೆಟೆದುಹೋಗುತ್ತದೆ.

ಹೇಳದೆ ಬಂದದ್ದಕ್ಕೆ ಸಿಟ್ಟಾಗಬೇಡ. ಹೇಳಿದ್ದರೆ ನೀನು ಬಿಡುತ್ತಿರಲಿಲ್ಲ.

ನರೇಶ


ಅಘನಾಶಿನಿ
2 ಫೆಬ್ರವರಿ 2025

ನರೇಶ,

ಕಾಗದ ಬಂದು ಗೋಡೆಯ ಮಾಡದಲ್ಲಿ ಬಿದ್ದಿತ್ತು. ಸಿಟ್ಟಿನಲ್ಲಿ ಬಿಚ್ಚಿದರೆ ಹರಿದು ಹಾಕುತ್ತೇನೆಂದು ನನಗೇ ಗೊತ್ತಿತ್ತು, ಅದಕ್ಕೆ ಬಿಚ್ಚಲಿಲ್ಲ. ಸುಚಿತಾ ಚಿಪ್ಪಿ ಹೆಕ್ಕಲು ಹೊಳೆಗೆ ಹೋದ ಮೇಲೆ ಇವತ್ತು ಓದಿದೆ. ಏಳನೆಯ ಇಯತ್ತೆಯ ನಂತರ ಇಷ್ಟುದ್ದ ಬರೆದವನಲ್ಲ ನಾನು. ಅಕ್ಷರ ಕೆಟ್ಟಿದ್ದರೆ ಓದಿಕೋ.

ಶುಕ್ರ ಬಂದಿದ್ದ. ಅವನು ಕೂಗಿದ್ದರಲ್ಲಿ ಅರ್ಧ ನನಗೆ ತಿಳಿಯಲಿಲ್ಲ, ಬೈದದ್ದು ಮಾತ್ರ ಪೂರ್ತಿ ತಿಳಿಯಿತು. ದಡಕ್ಕೆ ಬಂದ ಬೋಟಿನಿಂದ ಹೇಳದೆ ಕೇಳದೆ ಇಳಿದು ಹೋಗುವುದು ನಮ್ಮ ಮನೆಯ ಕ್ರಮವಲ್ಲ. ನಾನು ಅವನ ಕೈ ಹಿಡಿದು, "ಮಳ್ಗಾಲ ಕಳದು ಬೋಟು ಇಳ್ಸುವಾಗ ಹುಡ್ಗ ಬರ್ತ. ಒಲೆ ಬ್ಯಾರೆಯವ್ರಿಗೆ ಕೊಡಬ್ಯಾಡ" ಎಂದೆ. ಆತು ಎಂದು ತಲೆ ಆಡಿಸಿದ. ಮಾತು ಕೊಟ್ಟಾಗಿದೆ. ಆಗಸ್ಟಿಗೆ ನೀನು ತದಡಿಯಲ್ಲಿರಬೇಕು.

ಒಲೆಯ ಮುಂದೆ ಕೂರುವುದು ನಿನಗೆ ಅವಮಾನವಾಯಿತೋ? ನಿನ್ನನ್ನು ಬಿಟ್ಟರೆ ಗತಿ ಇಲ್ಲ ಎಂದು ಜನ ಹೇಳುವುದು ಸಣ್ಣ ಮಾತೇನೋ? ನನ್ನನ್ನು ನೋಡು. ನನ್ನ ಕಾಲದಲ್ಲಿ ಶುಕ್ರನ ಬೋಟಿನ ಆ ಇಂಜಿನ್ ನನ್ನ ಕೈ ಬಿಟ್ಟು ಯಾರ ಕೈಗೂ ಶುರುವಾಗುತ್ತಿರಲಿಲ್ಲ. ಜ್ವರ ಬಂದು ಮಲಗಿದರೂ ಎಬ್ಬಿಸಿಕೊಂಡು ಹೋಗುತ್ತಿದ್ದರು. ನಿನ್ನ ಆಯಿ ತೀರಿದ ವಾರವೂ ಶುಕ್ರ ಅಂಗಳಕ್ಕೆ ಬಂದು ನಿಂತಿದ್ದ. ಆ ಇಂಜಿನ್ನಿನ ಗುಟ್ಟನ್ನು ನಾನು ಒಬ್ಬನಿಗೂ ಕಲಿಸಲಿಲ್ಲ. ಬೇಕಾದವನು ಎನ್ನಿಸಿಕೊಳ್ಳುವುದೆಂದರೆ ಹಾಗೆ. ನೀನು ಅಷ್ಟು ಹೆಸರು ಸಂಪಾದಿಸಿ ಅದನ್ನು ಬಿಟ್ಟು ಕಂಡವರ ಹೋಟೆಲ್ಲಿನಲ್ಲಿ ಮೀನಿನ ಪೊರೆ ಕೆರೆಯುತ್ತಿದ್ದೀ.

ಬೋಟು ಎಲ್ಲಿಗಾದರೂ ಹೋಗುತ್ತಿತ್ತು. ನೀನು ಈಗ ಕೂತ ಜಾಗ ಎಲ್ಲಿಗೂ ಹೋಗುವುದಿಲ್ಲ.

ಬೊಮ್ಮಯ್ಯ


ಭಟ್ಕಳ
10 ಮಾರ್ಚ್ 2025

ಅಪ್ಪನಿಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಮನಸ್ಸು ಬಂದಿರಲಿಲ್ಲ. ಇವತ್ತು ಬರೆಯುತ್ತಿರುವುದು ನಿನ್ನ ಮಾತಿಗೆ ಉತ್ತರವಲ್ಲ. ಇಲ್ಲೊಂದು ಫಜೀತಿಯಾಯಿತು. ಅದು ಅರ್ಥವಾಗುವುದು ನಿನಗೊಬ್ಬನಿಗೇ. ಸುಚಿತಾಳಿಗೆ ಹೇಳಿದೆ, "ಪಾತ್ರೆ ತುಂಬಿಸಬೇಕಿತ್ತಪ್ಪ" ಎಂದಳು.

ಅನ್ನ ಮಾಡುವವನು ನೆಂಟರ ಮದುವೆಗೆಂದು ಹೋಗಿದ್ದ. ಉಸ್ತಾದ ನನ್ನನ್ನು ಕರೆದು, "ಬೋಟಿನಲ್ಲಿ ಅನ್ನ ಮಾಡ್ತಿದ್ದೆ ಅಂತೀಯಲ್ಲ, ಇವತ್ತು ಇಲ್ಲಿ ಮಾಡು" ಎಂದರು. ಬಂದಾಗಿನಿಂದ ನಾನು ಕಾಯುತ್ತಿದ್ದದ್ದು ಇದನ್ನೇ. ಅಷ್ಟು ದೊಡ್ಡ ತಪ್ಪಲೆಯನ್ನು ನಾನು ನೋಡಿರಲಿಲ್ಲ. ನೀರು ಹೊಯ್ದೆ, ಅಕ್ಕಿ ಹಾಕಿದೆ. ಅರ್ಧಕ್ಕೆ ಬಂದಾಗ ಕೈ ತಾನಾಗಿ ನಿಂತಿತು. ಯಾಕೆಂದು ನಿನಗೆ ಹೇಳಬೇಕಾಗಿಲ್ಲ. ಅರ್ಧಕ್ಕಿಂತ ಮೇಲೆ ತುಂಬಿದರೆ ಬೋಟು ಹೊರಳಿದಾಗ ಕುದಿಯುವ ಗಂಜಿ ಮೈಮೇಲೆ ಬರುತ್ತದೆ. ನನ್ನ ಮೊಣಕೈಯ ಕಲೆ ಆ ಪಾಠದ್ದೇ. ಅಷ್ಟಕ್ಕೇ ಬಿಡಲಿಲ್ಲ ನಾನು. ಮುಚ್ಚಳವನ್ನು ಬಟ್ಟೆಯಿಂದ ಹಿಡಿಕೆಗೆ ಕಟ್ಟಿದೆ. ತಪ್ಪಲೆ ಜಾರದಂತೆ ಎರಡೂ ಕಡೆ ಕಟ್ಟಿಗೆ ತುಂಡು ಸಿಕ್ಕಿಸಿದೆ. ಕಾಲು ಅಗಲಿಸಿ ಒಲೆಯ ಮುಂದೆ ನಿಂತೆ. ಎಲ್ಲ ಸರಿಯಾಗಿದೆ ಎಂದೇ ನನ್ನ ಭಾವನೆ.

ಮಧ್ಯಾಹ್ನ ಮುರ್ಡೇಶ್ವರಕ್ಕೆ ಹೋಗುವ ಜನ ಒಂದು ಬಸ್ಸು ತುಂಬ ಬಂದು ಇಳಿದರು. ಅವರು ಕೂತು ಅರ್ಧ ಊಟವಾಗುವಷ್ಟರಲ್ಲಿ ಅನ್ನ ಮುಗಿಯಿತು. ಸಾರು ಇದೆ, ಮೀನು ಇದೆ, ಅನ್ನವಿಲ್ಲ. ಮಾಲೀಕರು ಗಲ್ಲೆಯಿಂದ ಎದ್ದು ಒಳಗೆ ಬಂದರು. ಉಸ್ತಾದ ತಪ್ಪಲೆಯನ್ನೂ ಕಟ್ಟಿಗೆ ತುಂಡನ್ನೂ ನನ್ನ ಕಾಲನ್ನೂ ನೋಡಿ, "ಇಲ್ಲಿ ನೆಲ ಅಲ್ಲಾಡ್ತದೇನೋ ನರೇಶ?" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಮತ್ತೆ ಮೆಟ್ಟುಗತ್ತಿಯ ಮುಂದೆ ಕೂರಿಸಿದರು.

ಹೊಸ ಕೆಲಸ ಕಲಿಯುವುದು ಅಷ್ಟು ಕಷ್ಟವಲ್ಲ ಅಪ್ಪ. ಹಳೆಯದನ್ನು ಕೈಯಿಂದ ಬಿಡಿಸಿಕೊಳ್ಳುವುದರಲ್ಲೇ ಸುಸ್ತಾಗುತ್ತದೆ. ನನಗಿಂತ ಚಿಕ್ಕವರು ಒಲೆಯ ಮುಂದೆ ನಿಂತು ನನ್ನನ್ನು "ಏಯ್ ಮೀನು" ಎಂದು ಕರೆಯುತ್ತಾರೆ. ನಾನು ಓಗೊಡುತ್ತೇನೆ.

ನರೇಶ


ಅಘನಾಶಿನಿ
25 ಮಾರ್ಚ್ 2025

ನರೇಶ,

ಮುಚ್ಚಳ ಕಟ್ಟಿದೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನಾನು ನಕ್ಕ ನಗೆಗೆ ಸುಚಿತಾ ಹೊರಗಿನಿಂದ ಓಡಿ ಬಂದಳು. ನನಗೆ ನನ್ನ ನಗು ಕೇಳುವುದಿಲ್ಲ. ಬಹಳ ಜೋರಾಗಿತ್ತಂತೆ. ಭಟ್ಕಳದಲ್ಲಿ ಬಿರುಗಾಳಿ ಎದ್ದಿತ್ತೇನೋ ಮಾರಾಯ?

ನಗುವ ವಿಷಯವಲ್ಲ, ಗೊತ್ತು. ನಾನು ಇಂಜಿನ್ ರೂಮು ಬಿಟ್ಟು ಎಷ್ಟೋ ಕಾಲವಾದರೂ ಹೊಸ್ತಿಲು ದಾಟುವಾಗ ಇಂದಿಗೂ ತಲೆ ತಗ್ಗಿಸುತ್ತೇನೆ. ನಮ್ಮ ಮನೆಯ ಬಾಗಿಲು ಎತ್ತರದ್ದೇ.

ಶುಕ್ರನ ಬೋಟಿಗೆ ಹೊಸ ಡ್ರೈವರ್ ಬಂದಿದ್ದಾನೆ. ವಿಶಾಲ ಅಂತ, ಹೊಳನಗದ್ದೆ ಕಡೆಯವನು, ಐಟಿಐ ಮಾಡಿದವನಂತೆ. ಇಂಜಿನ್ ಅದೇ ನನ್ನ ಹಳೆಯದು. ಬಿಸಿಯಾದ ಮೇಲೆ ನಿಂತರೆ ಮತ್ತೆ ಏಳುವುದಿಲ್ಲವಂತೆ. ಏಳುವುದಿಲ್ಲ, ನನಗೆ ಗೊತ್ತು, ಎಂತ ಮಾಡಬೇಕೆಂದೂ ಗೊತ್ತು. ಕೇಳಲು ಮನೆಗೆ ಬಂದಿದ್ದ. ಕಿವಿ ಕೇಳುವುದಿಲ್ಲ ಎಂದು ಕೈ ಆಡಿಸಿ ಕಳಿಸಿದೆ. ಕಿವುಡಿನಿಂದ ಇಷ್ಟಾದರೂ ಉಪಯೋಗವಾಗಲಿ.

ದೇವಪ್ಪನ ಕೈಯಲ್ಲಿ ಒಣ ಶೆಟ್ಲಿ ಕಳಿಸಿದ್ದೇನೆ, ಸಿಗಡಿ ಈ ಸಲ ಚೆನ್ನಾಗಿ ಒಣಗಿದೆ. ಆಗಸ್ಟು ಮರೆಯಬೇಡ.

ಬೊಮ್ಮಯ್ಯ


ಭಟ್ಕಳ
4 ಮೇ 2025

ಅಪ್ಪನಿಗೆ,

ನೀನು ಕಳಿಸಿದ ಶೆಟ್ಲಿಯಿಂದ ಒಂದು ಕೆಲಸವಾಯಿತು. ಇಲ್ಲಿ ಗಿರಾಕಿಗಳ ಊಟ ಮುಗಿದ ಮೇಲೆ ಕೆಲಸದವರ ಊಟ. ಅದನ್ನು ಯಾರೂ ಮನಸ್ಸಿಟ್ಟು ಮಾಡುವುದಿಲ್ಲ. ಆ ಶೆಟ್ಲಿ ಹಾಕಿ ಸಾರು ಮಾಡಲೇ ಎಂದು ಉಸ್ತಾದರನ್ನು ಕೇಳಿದೆ. ಮಾಡು ಎಂದರು. ಈಗ ಕೆಲಸದವರ ಊಟ ದಿನವೂ ನನ್ನದೇ. ತಪ್ಪಲೆಯನ್ನು ಬಾಯಿವರೆಗೆ ತುಂಬಿಸುವುದನ್ನು ಅದರಲ್ಲೇ ಅಭ್ಯಾಸ ಮಾಡುತ್ತಿದ್ದೇನೆ. ಕೈ ಇನ್ನೂ ಅರ್ಧಕ್ಕೆ ಒಮ್ಮೆ ನಿಲ್ಲುತ್ತದೆ, ನಾನು ಒತ್ತಾಯ ಮಾಡಿ ಮುಂದೆ ಹೊಯ್ಯುತ್ತೇನೆ.

ಮಾಲೀಕರು ಹೊನ್ನಾವರದಲ್ಲಿ ಇನ್ನೊಂದು ಹೋಟೆಲ್ಲು ತೆರೆಯುತ್ತಾರಂತೆ, ಮಳೆಗಾಲ ಮುಗಿಯುವಾಗ. ಅಲ್ಲಿಯ ಅಡುಗೆಮನೆ ನೋಡಿಕೊಳ್ಳಲು ಗಣೇಶ ಎಂಬವರನ್ನು ಕರೆಸಿದ್ದಾರೆ. ಹೋಟೆಲ್ ಕೆಲಸವನ್ನೇ ಕಾಲೇಜಿನಲ್ಲಿ ಓದಿ ಬಂದವರು. ಓದಿದ ಜನ ಎಂದು ನಾನು ದೂರವೇ ಇದ್ದೆ. ಆದರೆ ಮನುಷ್ಯ ಒಳ್ಳೆಯವರು. ನಾಳೆ ಎಷ್ಟು ಜನ ಬರಬಹುದು, ಎಷ್ಟು ತರಿಸಬೇಕು, ಉಳಿದದ್ದನ್ನು ಕೆಡದಂತೆ ಹೇಗೆ ಇಡಬೇಕು ಎಂದು ಹೇಳಿಕೊಡುತ್ತಾರೆ. ಬೋಟಿನಲ್ಲಿ ದಿನವೂ ಅಷ್ಟೇ ಜನ, ಉಳಿದದ್ದು ಸಮುದ್ರಕ್ಕೆ. ಇದೆಲ್ಲ ನನಗೆ ಗೊತ್ತೇ ಇರಲಿಲ್ಲ. ಕೇಳಿ ಕೇಳಿ ಕಲಿಯುತ್ತಿದ್ದೇನೆ.

ಅವರು ನನ್ನ ಸಾರು ಉಂಡು, "ಹೊನ್ನಾವರದ ಮೀನಿನ ಒಲೆಗೆ ನರೇಶನನ್ನು ಕೊಡಿ" ಎಂದು ಮಾಲೀಕರನ್ನು ಕೇಳಿದರು. ನಾನು ಅಲ್ಲೇ ಬಾಗಿಲ ಹಿಂದೆ ಇದ್ದೆ. ಮಾಲೀಕರು ಎಂತ ಹೇಳಿದರು ಗೊತ್ತಾ? "ಅವ ಅಲ್ಲಿಗೆ ಹೋದ್ರೆ ಇಲ್ಲಿ ಮೀನ್ ಯಾರ್ ಕೊಯ್ಯೂದು? ಅಂಥ ಕೈ ಮತ್ತೆ ಸಿಗ್ತದಾ?"

ಸಮುದ್ರ ಬಿಟ್ಟು ಇಷ್ಟು ದೂರ ಬಂದರೂ ಅದೇ ಮಾತು ನನಗಿಂತ ಮುಂಚೆ ಬಂದು ಕೂತಿದೆ. ಸಿಟ್ಟು ಬರಲಿಲ್ಲ ಅಪ್ಪ, ದಣಿವಾಯಿತು. ಆ ದಿನವೆಲ್ಲ ಬಂಗಡೆ ಕೊಯ್ಯುತ್ತಾ ಕೂತೆ. ಒಂದೂ ಕೆಡಲಿಲ್ಲ. ಎಂತ ಮಾಡಲಿ ಹೇಳು.

ನರೇಶ


ಅಘನಾಶಿನಿ
18 ಮೇ 2025

ನರೇಶ,

ಎಂತ ಮಾಡಲಿ ಎಂದು ನೀನು ನನ್ನನ್ನು ಕೇಳಿ ವರ್ಷಗಳಾದವು. ಅದಕ್ಕೆ ಹೇಳುತ್ತಿದ್ದೇನೆ.

ಕೆಟ್ಟದಾಗಿ ಕೊಯ್ಯಿ. ಒಂದು ತುಂಡು ದಪ್ಪ ಮಾಡು, ಒಂದು ತೆಳು. ಮುಳ್ಳು ಬಿಡು. ಯಾರಾದರೂ ಗಿರಾಕಿ ಗಂಟಲು ಹಿಡಿದುಕೊಂಡು ಕೂಗಲಿ. ಆಮೇಲೆ ನಿನ್ನನ್ನು ಆ ಜಾಗದಿಂದ ಎಬ್ಬಿಸುತ್ತಾರೆ.

ಹಾಗೆ ಎಬ್ಬಿಸಿ ಮನೆಗೇ ಕಳಿಸಿದರೂ ಚಿಂತೆಯಿಲ್ಲ. ಮಳೆಗಾಲಕ್ಕೆ ಬೋಟುಗಳೆಲ್ಲ ದಡಕ್ಕೆ ಬರುವ ಹೊತ್ತಾಯಿತು. ಶುಕ್ರ ಈ ಸಲ ಬಣ್ಣ ಹೊಡೆಸುತ್ತಾನಂತೆ. ಅಡುಗೆ ಮೂಲೆಗೆ ಹೊಸ ತಗಡು ಹಾಕಿಸುತ್ತೇನೆ, ನರೇಶನಿಗೆ ಹೇಳು ಎಂದ. ನಿನ್ನ ಮೇಲೆ ಅವನಿಗೆ ಸಿಟ್ಟಿಲ್ಲ. ಈಗಿರುವ ಅಡುಗೆಯವನ ಸಾರು ನಾಯಿಯೂ ಮೂಸುವುದಿಲ್ಲವಂತೆ.

ಆ ವಿಶಾಲ ಮತ್ತೆ ಬಂದಿದ್ದ. ಈ ಸಲ ಕಾಗದದಲ್ಲಿ ಬರೆದು ತೋರಿಸಿದ. ಕನ್ನಡಕ ಇಲ್ಲ ಎಂದೆ.

ಬೊಮ್ಮಯ್ಯ


ಭಟ್ಕಳ
12 ಜೂನ್ 2025

ಅಪ್ಪನಿಗೆ,

ಬೋಟುಗಳು ನಿಂತ ಮೇಲೆ ದೇವಪ್ಪನ ಟೆಂಪೊ ಸರಿಯಾಗಿ ಬರುತ್ತಿಲ್ಲ. ಇದನ್ನು ಪೋಸ್ಟಿಗೆ ಹಾಕುತ್ತೇನೆ.

ನೀನು ಹೇಳಿದಂತೆ ಮಾಡಲು ನೋಡಿದೆ. ಒಂದು ಇಸ್ವಾಣ ಮೀನು ಹಿಡಿದು ಓರೆಯಾಗಿ ಕೊಯ್ಯಲು ಕೂತೆ. ಕೈ ತಾನಾಗಿ ನೆಟ್ಟಗಾಯಿತು. ಬೇಕೆಂದೇ ಕೆಡಿಸಲು ನನಗೆ ಬರುವುದಿಲ್ಲ. ನೀನೂ ಇಂಜಿನ್ನನ್ನು ಒಂದು ದಿನಕ್ಕಾದರೂ ಬೇಕೆಂದು ಕೆಡಿಸಿದವನಲ್ಲ.

ಅದಕ್ಕೆ ಬೇರೆ ದಾರಿ ಹಿಡಿದೆ. ಮಂಕಿಯಿಂದ ಬಸ್ಸಿನಲ್ಲಿ ಬುಟ್ಟಿ ತಂದು ಇಲ್ಲಿ ಮೀನು ಮಾರುವ ಗಂಗಿ ಎಂಬ ಅಕ್ಕ ಇದ್ದಾಳೆ. ನಮ್ಮ ಹಿಂಬಾಗಿಲಿಗೂ ಬರುತ್ತಿದ್ದಳು. ಮೊಣಕಾಲು ಹೋಗಿದೆ, ಬುಟ್ಟಿ ಹೊತ್ತು ಕೇರಿ ತಿರುಗಲು ಆಗುವುದಿಲ್ಲ. ಅವಳನ್ನು ನನ್ನ ಪಕ್ಕ ಕೂರಿಸಿಕೊಳ್ಳಲು ಮಾಲೀಕರನ್ನು ಒಪ್ಪಿಸಿದೆ. ಮೀನು ಕೊಯ್ಯಲು ಅವಳಿಗೆ ನಾನು ಕಲಿಸುವುದೆಂತ ಇದೆ? ಹೋಟೆಲ್ಲಿಗೆ ಬೇಕಾದಂತೆ ಒಂದೇ ದಪ್ಪದ ತುಂಡು, ಮುಳ್ಳು ಬಿಡಿಸುವುದು, ಅವಸರದ ಹೊತ್ತಿನಲ್ಲಿ ಯಾವುದು ಮೊದಲು, ಅಷ್ಟೇ. ಅವಳೇ ನನ್ನನ್ನು ಕೇಳಿದಳು, "ನಿನ್ ಕೆಲ್ಸ ನಂಗೆ ಕೊಟ್ಟು ನೀ ಎಲ್ಲಿಗ್ ಹೋಗ್ತೀಯೋ ತಮಾ? ಕಡೀಗೆ ಹೊನ್ನಾವರನೂ ಇಲ್ಲ, ಇಲ್ಲೂ ಇಲ್ಲ ಅಂತಾದ್ರೆ?" ಅದೇ ನನಗೂ ಹೆದರಿಕೆ. ಆದರೆ ಈ ಜಾಗಕ್ಕೆ ನಾನು ಬೇಡವಾಗದೆ ಮುಂದಿನ ಜಾಗ ನನಗೆ ಸಿಗುವುದಿಲ್ಲ.

ಅವಳಿಗೆ ಕಲಿಸುವಾಗ ನಿನ್ನ ನೆನಪು ಬರುತ್ತದೆ. ಒಂದು ಮಾತು ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಜ್ವರ ಬಂದರೂ ನಿನ್ನನ್ನೇ ಕರೆಯುತ್ತಿದ್ದರು ಎಂದು ನೀನು ಹೆಮ್ಮೆಯಿಂದ ಬರೆದಿದ್ದೆ. ಆ ಇಂಜಿನ್ ಇನ್ನೊಬ್ಬನಿಗೆ ಬರುತ್ತಿದ್ದರೆ ನೀನು ಆಗಾಗ ಮೇಲೆ ಬಂದು ಗಾಳಿಯಲ್ಲಿ ಕೂರಬಹುದಿತ್ತು. ಚುಕ್ಕಾಣಿ ಹಿಡಿಯಬಹುದಿತ್ತು. ಆ ಸದ್ದಿನ ಗೂಡಿನಲ್ಲಿ ಅಷ್ಟು ವರ್ಷ ಒಬ್ಬನೇ ಇರಬೇಕಾಗಿರಲಿಲ್ಲ. ಇವತ್ತು ನಾನು ಕಾಗದ ಬರೆಯುವ ಬದಲು ಫೋನಿನಲ್ಲಿ ಅಪ್ಪಾ ಎಂದರೆ ನಿನಗೆ ಕೇಳುತ್ತಿತ್ತು.

ನಿನ್ನ ಕಿವಿ ಹೋದ ವರ್ಷವೇ ನಾನು ಕಾಲೇಜು ಬಿಟ್ಟು ಬೋಟು ಹತ್ತಿದ್ದು.

ನರೇಶ


ಭಟ್ಕಳ
16 ಜುಲೈ 2025

ಅಪ್ಪನಿಗೆ,

ನಿನ್ನ ಕಾಗದ ಬರಲಿಲ್ಲ. ನನ್ನದು ತಲುಪಿದೆ ಎಂದು ಸುಚಿತಾ ಹೇಳಿದಳು. ನೀನು ಅದನ್ನು ಓದಿ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡೆಯಂತೆ, ಆಮೇಲೆ ಹೊಳೆಯ ದಂಡೆಗೆ ಹೋಗಿ ಮಳೆಯಲ್ಲೇ ಕೂತೆಯಂತೆ.

ಆ ಕೊನೆಯ ಸಾಲು ಬರೆಯಬಾರದಿತ್ತು. ಬರೆದಾಗಿದೆ.

ಗಂಗಿ ಅಕ್ಕನ ಕೈ ಈಗ ನನ್ನಷ್ಟೇ ಓಡುತ್ತದೆ. ಮಾಲೀಕರು ನೋಡಿ ಖುಷಿಪಟ್ಟರು. ಆದರೆ ಹೊನ್ನಾವರದ ಮಾತು ಎತ್ತುತ್ತಿಲ್ಲ. ಮಳೆಗೆ ಗಿರಾಕಿ ಕಡಿಮೆ, ಮೀನು ಕೊಯ್ಯಲು ಇಬ್ಬರು ಯಾಕೆ ಎಂದು ಗಲ್ಲೆಯಲ್ಲಿ ಯಾರಿಗೋ ಹೇಳುತ್ತಿದ್ದರಂತೆ. ಗಣೇಶರು ಸ್ವಲ್ಪ ತಾಳು ಎನ್ನುತ್ತಾರೆ. ಅತ್ತ ಶುಕ್ರ ತಾಂಡೇಲರು ಫೋನು ಮಾಡಿದ್ದರು. "ಬರೂದಾದ್ರೆ ಈಗ್ಲೇ ಹೇಳು, ಇಲ್ದಿದ್ರೆ ನಾ ಬ್ಯಾರೆಯವ್ರನ್ನ ಕರ್ಕಂತೆ" ಎಂದರು. ನಿನ್ನ ಮಾತು ಅವರಲ್ಲಿದೆ, ಅದನ್ನು ನಾನು ಮುರಿಯಲೋ ಬೇಡವೋ ತಿಳಿಯುವುದಿಲ್ಲ. ನಾನು ಎರಡು ದಿನ ತಡೆಯಿರಿ ಎಂದೆ. ಎರಡು ದಿನ ಕಳೆದು ಹೋದವು.

ಬೈದಾದರೂ ಬರೆ.

ನರೇಶ


ಅಘನಾಶಿನಿ
24 ಜುಲೈ 2025

ನರೇಶ,

ನೀನು ಬರೆದದ್ದನ್ನು ಓದಿದೆ. ಬರೆಯದೆ ಬಿಟ್ಟದ್ದೂ ನನಗೆ ಓದಲು ಬಂತು.

ಸಿಟ್ಟು ಮಾಡಲು ನೋಡಿದೆ, ಮೊದಲಿನ ಹಾಗೆ ಬರಲಿಲ್ಲ. ವಯಸ್ಸಾಯಿತು. ನಿನಗೆ ಹೊಸ ಪುಸ್ತಕದ ಚೀಲ ತಂದಿದ್ದೆ, ಕುಮಟೆಯಿಂದ, ನೀನು ಕಾಲೇಜಿಗೆ ಸೇರಿದಾಗ. ಅದರಲ್ಲಿ ಈಗ ಸುಚಿತಾ ಬಲೆಯ ದಾರ ಇಡುತ್ತಾಳೆ. ನಾನು ದಿನಾ ನೋಡುತ್ತೇನೆ.

ವಿಶಾಲ ಮತ್ತೆ ಬಂದ. ಮೈಯೆಲ್ಲ ಒದ್ದೆ, ಕೊಡೆಯೂ ಇಲ್ಲ. ಎರಡು ಸಲ ಕಳಿಸಿದರೂ ಬರುತ್ತಾನಲ್ಲ ಎನಿಸಿತು. ಅವನ ಜೊತೆ ದೋಣಿಯಲ್ಲಿ ತದಡಿಗೆ ದಾಟಿದೆ. ಬೋಟು ದಡದಲ್ಲಿತ್ತು. ಇಂಜಿನ್ನಿನ ಹತ್ತಿರ ಅವನ ಅಂಗೈ ಹಿಡಿದು ಎಲ್ಲಿಡಬೇಕೋ ಅಲ್ಲಿಟ್ಟೆ. ಶುರು ಮಾಡಿಸಿದೆ. ನನಗೆ ಸದ್ದು ಕೇಳುವುದಿಲ್ಲ, ಅಂಗೈಗೆ ಮಾತ್ರ ತಿಳಿಯುತ್ತದೆ. ನಡುಕ ಬದಲಾದಾಗಲೆಲ್ಲ ಅವನ ಭುಜ ತಟ್ಟಿದೆ. ಹುಡುಗ ಚುರುಕು. ಮಾತಾಡದೆಯೇ ಕಲಿಸಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅಲ್ಲೇ ಶುಕ್ರ ಸಿಕ್ಕಿದ. ಅವನು ನಿನ್ನ ಹೆಸರು ಎತ್ತುವ ಮೊದಲೇ ಹೇಳಿದೆ, "ಹುಡ್ಗ ಬರೂದಿಲ್ಲ. ನಾ ಕೊಟ್ಟ ಮಾತು ನಾನೇ ವಾಪಸ್ ತಕಂತೆ." ಅವನು ಎಂತೆಂತದೋ ಕೂಗಿದ. ನನಗೆ ಕೇಳಲಿಲ್ಲ.

ನಿನಗೆ ಹಿಂದೆ ಬರಲು ಈಗ ಬೋಟು ಇಲ್ಲ. ಇದು ನಿನಗೆ ಒಳ್ಳೆಯದಾಯಿತೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ಕೆಟ್ಟದ್ದಾದರೆ ಮನೆಗೆ ಬಾ. ಗಂಜಿ ಇದೆ.

ಬೊಮ್ಮಯ್ಯ


ಹೊನ್ನಾವರ
14 ಸೆಪ್ಟೆಂಬರ್ 2025

ಅಪ್ಪನಿಗೆ,

ಹೋಟೆಲ್ಲು ಶುರುವಾಗಿ ಎರಡು ವಾರ. ಸುಚಿತಾ ನಿನ್ನ ಕಿವಿಯಲ್ಲಿ ಕೂಗಿ ಹೇಳಿದಳಂತೆ, ಇಡೀ ಕೇರಿ ಕೇಳಿತಂತೆ. ಈ ಸಲ ಕೇಳಿದರೆ ಕೇಳಲಿ.

ನಿನ್ನ ಕಾಗದ ಓದಿದ ದಿನ ನಾನು ನೇರ ಮಾಲೀಕರ ಹತ್ತಿರ ಹೋದೆ. ಹೊನ್ನಾವರದ ಒಲೆ ಕೊಡುವುದಾದರೆ ಕೊಡಿ, ಇಲ್ಲದಿದ್ದರೆ ಗಂಗಿ ಅಕ್ಕ ಇದ್ದಾಳೆ, ನಾನು ಹೊರಡುತ್ತೇನೆ ಎಂದೆ. ಹೊರಡುವುದೆಲ್ಲಿಗೆ ಎಂದು ನನಗೂ ಗೊತ್ತಿರಲಿಲ್ಲ. ಅವರು ಗಂಗಿ ಅಕ್ಕನ ಕಡೆ ನೋಡಿದರು, ಅವಳು ತಲೆ ಎತ್ತದೆ ಕೊಯ್ಯುತ್ತಿದ್ದಳು. "ಆತು, ಹೋಗು" ಎಂದರು. ಅಷ್ಟೇ. ಇಷ್ಟು ಸಣ್ಣ ಮಾತಿಗೆ ಇಷ್ಟು ವರ್ಷ ಕಾದೆನೇ ಎನಿಸಿತು.

ದೊಡ್ಡದೇನೂ ಆಗಿಲ್ಲ. ಅಡುಗೆಮನೆ ಗಣೇಶರ ಕೈಯಲ್ಲಿದೆ, ನಾನು ಅವರ ಕೆಳಗೆ. ನನ್ನ ಕೆಲಸಕ್ಕೆ ಹೆಸರು ಇಲ್ಲ. ಬೋರ್ಡಿನಲ್ಲಿ ಹಾಕುವ ಹೆಸರಿಗೆ ಓದು ಬೇಕಂತೆ. ಆದರೆ ಮೀನಿನ ಒಲೆ ನನ್ನದು, ಅನ್ನದ ಒಲೆಯೂ ನನ್ನದೇ. ನಾಳೆಗೆ ಎಷ್ಟು ತರಿಸಬೇಕೆಂದು ಈಗ ನಾನೇ ಹೇಳುತ್ತೇನೆ. ಕೆಲಸ ಮುಗಿದಾಗ ಕಾಲು ಮರದ ಹಾಗೆ ಆಗಿರುತ್ತದೆ. ಮೊದಲು ಬೆನ್ನು ನೋಯುತ್ತಿತ್ತು, ಈಗ ಕಾಲು. ಕೂತವನು ಎದ್ದು ನಿಂತೆಯಲ್ಲ, ಅಷ್ಟು ಮೇಲೆ ಬಂದೆ ಎಂದು ಗಂಗಿ ಅಕ್ಕ ಫೋನಿನಲ್ಲಿ ನಗುತ್ತಾಳೆ.

ಪಾತ್ರೆ ತಿಕ್ಕುವವರು ಯಾರಾದರೂ ಒಲೆಯ ಹತ್ತಿರ ಬಂದು ನಿಂತು ನೋಡಿದರೆ ನಾನು ಓಡಿಸುವುದಿಲ್ಲ. ಉಪ್ಪು ಯಾವಾಗ ಹಾಕುವುದೆಂದು ಹೇಳುತ್ತೇನೆ.

ಒಂದು ದಿನ ಸುಚಿತಾಳ ಜೊತೆ ಊಟಕ್ಕೆ ಬಾ ಅಪ್ಪ. ಬಸ್‌ಸ್ಟ್ಯಾಂಡಿನಿಂದ ದೂರವಿಲ್ಲ. ಮೊದಲೇ ತಿಳಿಸು, ನಾನು ಹೊರಗೆ ಬಂದು ನಿಂತಿರುತ್ತೇನೆ.

ನರೇಶ


ಅಘನಾಶಿನಿ
5 ಅಕ್ಟೋಬರ್ 2025

ನರೇಶ,

ನೀನು ಬಾ ಎಂದೆ. ನಾನು ಬಂದು ಹೋದೆ. ಸುಚಿತಾಳಿಗೂ ಹೇಳಿಲ್ಲ, ಹೊಳೆಯಲ್ಲಿ ಚಿಪ್ಪಿ ಹೆಕ್ಕುತ್ತಿದ್ದಳು.

ಮೊದಲು ಬೋಟಿನ ಸುದ್ದಿ. ಮಳೆಗಾಲ ಕಳೆದು ಬೋಟು ಇಳಿಯಿತು. ನಡುನೀರಿನಲ್ಲಿ ಇಂಜಿನ್ ಬಿಸಿಯಾಗಿ ನಿಂತಿತಂತೆ, ವಿಶಾಲ ಎಬ್ಬಿಸಿದನಂತೆ. ಅವನ ಕಿವಿಗೆ ಮುಚ್ಚಿಕೊಳ್ಳುವುದನ್ನು ತರಿಸಿಕೊಟ್ಟಿದ್ದೇನೆ. ನಾಚಿಕೆ ಎಂದು ತೆಗೆದಿಟ್ಟರೆ ಕಾಲು ಮುರಿಯುತ್ತೇನೆ ಎಂದೂ ಹೇಳಿದ್ದೇನೆ. ಬೋಟು ಈಗಾಗಲೇ ಎಷ್ಟೋ ಸಲ ಹೋಗಿ ಬಂತು. ಇಂಜಿನ್ ಏಳಲಿಲ್ಲ ಎಂದು ಯಾರೂ ನಮ್ಮ ಅಂಗಳಕ್ಕೆ ಬರಲಿಲ್ಲ. ಮೊದಲು ಅದು ಎದೆಗೆ ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆ ಎದ್ದು ಅಂಗಿ ಹಾಕಿಕೊಂಡು ಕೂರುವುದು, ಯಾರೂ ಬರುವುದಿಲ್ಲ ಎಂದು ಮತ್ತೆ ತೆಗೆದಿಡುವುದು. ಹಾಗೆ ಒಂದು ದಿನ ಹಾಕಿದ ಅಂಗಿಯಲ್ಲೇ ಬಸ್ ಹತ್ತಿದೆ. ಕುಮಟೆಗೆ ಬಂದು, ಅಲ್ಲಿಂದ ಹೊನ್ನಾವರಕ್ಕೆ.

ಮೂಲೆಯ ಬೆಂಚಿನಲ್ಲಿ ಕೂತೆ. ಬಡಿಸುವವನು ಎಂತದೋ ಕೇಳಿದ, ನಾನು ಪಕ್ಕದವನ ಎಲೆ ತೋರಿಸಿದೆ. ಬಂಗಡೆಯ ಸಾರು. ಮೊದಲ ತುತ್ತಿಗೇ ನಿನ್ನ ಕೈ ಎಂದು ಗೊತ್ತಾಯಿತು. ಅನ್ನ ಎರಡು ಸಲ ಹಾಕಿಸಿಕೊಂಡೆ. ತಪ್ಪಲೆಯಲ್ಲಿ ಈ ಸಲ ಅನ್ನ ಮುಗಿಯಲಿಲ್ಲ.

ಬಡಿಸುವ ಕಿಂಡಿಯಲ್ಲಿ ನೀನು ಕಂಡೆ. ತೆಳ್ಳಗಾಗಿದ್ದೀ. ತಪ್ಪಲೆ ಬಾಯಿವರೆಗೂ ತುಂಬಿತ್ತು, ಮುಚ್ಚಳ ಕಟ್ಟಿರಲಿಲ್ಲ. ನಿನ್ನ ಕಾಲು ಮಾತ್ರ ಇನ್ನೂ ಅಗಲಿಸಿಯೇ ನಿಂತಿತ್ತು. ಅದು ಇರಲಿ ಬಿಡು.

ಕರೆಯಬೇಕು ಎನಿಸಿತು. ಬಾಯಿ ತೆರೆದೆ. ನನ್ನ ದನಿ ಎಷ್ಟು ದೊಡ್ಡದು ಎಂದು ನನಗೆ ಈಗ ತಿಳಿಯುವುದಿಲ್ಲ. ಅಷ್ಟು ಜನರ ಎದುರು, ನಿನ್ನ ಹೊಸ ಜಾಗದಲ್ಲಿ, ನಿನಗೆ ನಾಚಿಕೆಯಾದೀತು ಎಂದು ಎದ್ದು ಕೈ ತೊಳೆದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಅದೇ ಕೊರೆಯಿತು.

ಇನ್ನೊಮ್ಮೆ ಬರುತ್ತೇನೆ. ಹೆಸರು ಹಿಡಿದೇ ಕರೆಯುತ್ತೇನೆ. ಜೋರಾಯಿತು ಎನಿಸಿದರೆ ಕೈ ಎತ್ತು, ನಿಲ್ಲಿಸುತ್ತೇನೆ.

ಅಪ್ಪ